ಟ್ರಿಗರ್ ಫಿಶ್ ಹಿಡಿಯೋಕೆ ಬಲೆ ಬೇಡ

ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕಿಗೆ ಪಿಕಾಸೊ ಟ್ರಿಗರ್ ಮೀನು ತರಬೇಕು ಅಂತಿರುವವರಿಗೆ ಒಂದು ಮಾತು. ಅಂಗಡಿಯಲ್ಲಿ ಬೆರಳುದ್ದ ಇರುತ್ತದೆ, ಮುದ್ದಾಗಿ ಕಾಣುತ್ತದೆ. ಆದರೆ ಈ ಜಾತಿ 25-30 ಸೆಂ.ಮೀ. ತನಕ ಬೆಳೆಯುತ್ತದೆ. 500 ಲೀಟರ್‌ಗಿಂತ ಚಿಕ್ಕ ಟ್ಯಾಂಕ್ ಇದ್ದರೆ ಆಸೆ ಬಿಟ್ಟುಬಿಡಿ.

ಇದನ್ನು ಬಲೆಯಲ್ಲಿ ಹಿಡಿಯಬೇಡಿ. ಹೆದರಿದರೆ ಬೆನ್ನಿನ ಮುಳ್ಳನ್ನು ನೆಟ್ಟಗೆ ಎತ್ತುತ್ತದೆ. ಹಿಂದಿನ ಚಿಕ್ಕ ಮುಳ್ಳು ಅದಕ್ಕೆ ಚಿಲಕದ ಹಾಗೆ ಕೂರುತ್ತದೆ. ಆಮೇಲೆ ದೊಡ್ಡದನ್ನು ಎಷ್ಟು ಒತ್ತಿದರೂ ಬಗ್ಗಲ್ಲ. ನಾನು ಮೊದಲ ಸಲ ಬಲೆ ಹಾಕಿದಾಗ ಮುಳ್ಳು ಅದರಲ್ಲಿ ಸಿಕ್ಕಿಕೊಂಡು, ಕೊನೆಗೆ ಕತ್ತರಿ ತಂದು ಬಲೆಯನ್ನೇ ಕತ್ತರಿಸಬೇಕಾಯಿತು. ಮೀನು ಗೊರ್ ಗೊರ್ ಅಂತ ಬೈಯುತ್ತಲೇ ಇತ್ತು! ಈಗ ಪ್ಲಾಸ್ಟಿಕ್ ಡಬ್ಬಿಯನ್ನು ನೀರಲ್ಲಿ ಮುಳುಗಿಸಿ, ನಿಧಾನಕ್ಕೆ ಒಳಗೆ ಓಡಿಸುತ್ತೇನೆ.

ಹಲ್ಲು ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಕಡಿಯೋಕೆ ಗಟ್ಟಿಯಾದದ್ದು ಬೇಕು. ವಾರಕ್ಕೆರಡು ಸಲ ಚಿಪ್ಪಿನ ಸಮೇತ ಸಿಗಡಿ, ಮರುವಾಯಿ (ಕಪ್ಪೆಚಿಪ್ಪು) ಕೊಡಿ. ಫ್ರೀಜ್ ಮಾಡಿಟ್ಟದ್ದಾದರೆ ಒಳ್ಳೆಯದು.

ಟ್ಯಾಂಕಲ್ಲಿ ಬಸವನಹುಳು, ಏಡಿ ಇದ್ದರೆ ಅದರ ಊಟ ಅಂತಲೇ ಲೆಕ್ಕ. ಹೀಟರ್ ವೈರನ್ನೂ ಕಚ್ಚಬಹುದು, ಪೈಪ್ ತೊಡಿಸಿ. ಕೈ ಹಾಕುವಾಗ ಬೆರಳು ಜೋಪಾನ.