ಶನಿವಾರ, ಭಾನುವಾರವೂ ಊಟ-ವ್ಯಾಯಾಮ ಹಳಿ ತಪ್ಪದಿರಲು ಏನು ಮಾಡಬೇಕು

ಸೋಮವಾರದಿಂದ ಶುಕ್ರವಾರದವರೆಗೆ ಅಚ್ಚುಕಟ್ಟಾಗಿ ತಿಂತಾರೆ, ವಾಕಿಂಗ್ ಮಾಡ್ತಾರೆ, ಕಾಫಿಗೆ ಸಕ್ಕರೆ ಕೂಡ ಬಿಟ್ಟಿರ್ತಾರೆ. ಆದರೂ ತೂಕ ಇಳಿಯುತ್ತಿಲ್ಲ, ಶುಗರ್ ಹಿಡಿತಕ್ಕೆ ಬರುತ್ತಿಲ್ಲ ಅಂತ ಬೇಜಾರು ಮಾಡಿಕೊಳ್ಳುವವರು ನಮ್ಮ ಸುತ್ತ ತುಂಬಾ ಜನ ಇದ್ದಾರೆ. ಅವರನ್ನು ನಾನು ಮೊದಲು ಕೇಳುವುದು ಶನಿವಾರ, ಭಾನುವಾರದ ಬಗ್ಗೆ.

ಲೆಕ್ಕ ಸುಲಭ. ವಾರದ ಐದು ದಿನ ದಿನಕ್ಕೆ 300 ಕ್ಯಾಲೊರಿ ಕಡಿಮೆ ತಿಂದರೆ 1500 ಉಳಿಯಿತು. ಶನಿವಾರ 750, ಭಾನುವಾರ 750 ಜಾಸ್ತಿ ತಿಂದರೆ ಅಷ್ಟೂ ಹೋಯಿತು. 750 ಕ್ಯಾಲೊರಿ ಅಂದರೆ ಬಹಳ ಅನಿಸಬಹುದು. ಆದರೆ ಒಂದು ಟೇಬಲ್ ಸ್ಪೂನ್ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ ಇರುತ್ತದೆ. ಬೆಳಗ್ಗೆ ಬೆಣ್ಣೆ ದೋಸೆ, ಸಂಜೆ ಬಜ್ಜಿ, ರಾತ್ರಿ ಬಿರಿಯಾನಿ ಜೊತೆ ಕಬಾಬ್, ಇಷ್ಟರಲ್ಲಿ ಆರು ಸ್ಪೂನ್ ಎಣ್ಣೆ ಜಾಸ್ತಿ ಒಳಗೆ ಹೋಗುವುದು ಏನೂ ಕಷ್ಟವಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಊಟಕ್ಕೆ ಇಡೀ ದಿನಕ್ಕೆ ಹೇಳಿರುವ ಎಣ್ಣೆ-ತುಪ್ಪ 27 ಗ್ರಾಂ, ಅಂದರೆ ಬರೀ ಎರಡು ಟೇಬಲ್ ಸ್ಪೂನ್.

ಇದಕ್ಕೆ ಮನಸ್ಸು ಗಟ್ಟಿ ಇಲ್ಲದಿರುವುದು ಕಾರಣ ಅಂತ ನಾನು ಒಪ್ಪುವುದಿಲ್ಲ. ವಾರದ ದಿನಗಳಲ್ಲಿ ನಮ್ಮನ್ನು ಗಡಿಯಾರ ನಡೆಸುತ್ತದೆ. ಇಷ್ಟು ಹೊತ್ತಿಗೆ ತಿಂಡಿ, ಇಷ್ಟು ಹೊತ್ತಿಗೆ ಬಸ್ಸು ಅಥವಾ ಮೆಟ್ರೋ, ಮಧ್ಯಾಹ್ನ ಡಬ್ಬದಲ್ಲಿ ಏನಿದೆಯೋ ಅದೇ ಊಟ. ರಜೆ ದಿನ ಆ ಗಡಿಯಾರವೇ ಇರುವುದಿಲ್ಲ. ಹತ್ತು ಗಂಟೆಗೆ ಎದ್ದು, ಹನ್ನೊಂದಕ್ಕೆ ತಿಂಡಿ ತಿಂದು, ಮೂರಕ್ಕೆ ಊಟ ಮಾಡಿ, ಐದರವರೆಗೆ ಮಲಗಿ, ಏಳಕ್ಕೆ ಎಣ್ಣೆ ತಿಂಡಿ, ಹನ್ನೊಂದಕ್ಕೆ ಮತ್ತೆ ಊಟ. ವ್ಯಾಯಾಮಕ್ಕೆ ಇದರಲ್ಲಿ ಜಾಗ ಎಲ್ಲಿದೆ ಹೇಳಿ? ಹಾಗಾಗಿ ರಜೆ ದಿನಕ್ಕೂ ಎರಡು ಮೂರು ವಿಷಯ ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಉಳಿದದ್ದು ಹೇಗೆ ಬೇಕಾದರೂ ಇರಲಿ.

ಶುರು ಶುಕ್ರವಾರ ರಾತ್ರಿಯಿಂದ

ಶುಕ್ರವಾರ ರಾತ್ರಿ ಎರಡು ಗಂಟೆವರೆಗೆ ಮೊಬೈಲ್ ನೋಡಿಕೊಂಡು ಕೂತರೆ ಶನಿವಾರ ಅಲ್ಲೇ ಅರ್ಧ ಹಾಳಾಯಿತು ಅಂತ ಲೆಕ್ಕ. ರಜೆ ದಿನ ಏಳುವ ಹೊತ್ತು ಮಾಮೂಲಿಗಿಂತ ಒಂದು ಗಂಟೆಗಿಂತ ಜಾಸ್ತಿ ತಡ ಆಗದ ಹಾಗೆ ನೋಡಿಕೊಳ್ಳಿ. ಆರಕ್ಕೆ ಏಳುವವರು ಏಳಕ್ಕೆ ಏಳಿ, ಅಷ್ಟು ಸಾಕು. ವಾರವಿಡೀ ನಿದ್ದೆ ಕಮ್ಮಿ ಆಗಿದ್ದರೆ ಬೆಳಗ್ಗೆ ಎಳೆಯುವ ಬದಲು ಶುಕ್ರವಾರವೇ ಬೇಗ ಮಲಗಿ, ಇಲ್ಲ ಮಧ್ಯಾಹ್ನ ಇಪ್ಪತ್ತು ನಿಮಿಷ, ಅರ್ಧ ಗಂಟೆ ಕಣ್ಣು ಮುಚ್ಚಿ. ನಿದ್ದೆಗೆಟ್ಟ ದಿನ ಹಸಿವು ಜಾಸ್ತಿ, ಅದರಲ್ಲೂ ಸಿಹಿ ಮತ್ತು ಕರಿದದ್ದರ ಮೇಲೇ ಮನಸ್ಸು ಓಡುತ್ತದೆ. ಇದು ನಿಮಗೂ ಅನುಭವಕ್ಕೆ ಬಂದಿರುತ್ತದೆ.

ಮಲಗುವ ಮುಂಚೆ ಒಂದು ಬಟ್ಟಲು ಹೆಸರುಕಾಳೋ ಕಡಲೆಕಾಳೋ ನೆನೆಹಾಕಿ. ಫ್ರಿಜ್‌ನಲ್ಲಿ ದೋಸೆ ಹಿಟ್ಟು, ಒಂದು ಕಟ್ಟು ಸೊಪ್ಪು, ಸೌತೆಕಾಯಿ, ಮೊಸರು ಇದೆಯಾ ನೋಡಿ. ಇಷ್ಟಿದ್ದರೆ ಶನಿವಾರ ರಾತ್ರಿ ಎಂಟೂವರೆಗೆ ಹಸಿದುಕೊಂಡು ಸ್ವಿಗ್ಗಿ, ಜೊಮ್ಯಾಟೊ ತೆರೆಯುವ ಪ್ರಸಂಗವೇ ಕಡಿಮೆ ಆಗುತ್ತದೆ. ಹಸಿದಾಗ ಆರ್ಡರ್ ಮಾಡಿದರೆ ಯಾವತ್ತೂ ಜಾಸ್ತಿಯೇ ಆಗುವುದು. ಇನ್ನಷ್ಟು ಸೇರಿಸಿದರೆ ಡೆಲಿವರಿ ಉಚಿತ ಅಂತ ಅದು ತೋರಿಸುತ್ತದೆ, ನಾವು ಬೇಡದ ಒಂದು ಡೆಸರ್ಟ್ ಸೇರಿಸುತ್ತೇವೆ. ತರಿಸಲೇಬೇಕು ಅಂತಿದ್ದರೆ ಸಂಜೆ ಐದಕ್ಕೇ ಏನು, ಎಷ್ಟು ಅಂತ ತೀರ್ಮಾನ ಮಾಡಿಬಿಡಿ.

ಬೆಳಗ್ಗೆ ಮೊದಲು ಮೈ ಬಗ್ಗಿಸಿ

ರಜೆ ದಿನ ಸಂಜೆ ವ್ಯಾಯಾಮ ಮಾಡ್ತೀನಿ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಸಂಜೆ ಯಾರೋ ಮನೆಗೆ ಬರುತ್ತಾರೆ, ಮಳೆ ಬರುತ್ತದೆ, ಮಗುವಿನ ಪ್ರಾಜೆಕ್ಟ್ ಬಾಕಿ ಇರುತ್ತದೆ. ತಿಂಡಿಗೆ ಮುಂಚೆ ಆದದ್ದೇ ಲೆಕ್ಕ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಬರೀ ಹೊಟ್ಟೆಯಲ್ಲಿ ಜೋರಾಗಿ ನಡೆಯುವ ಮುಂಚೆ ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ. ಶುಗರ್ ತೀರಾ ಇಳಿದುಬಿಟ್ಟರೆ ಅಪಾಯ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಬಿರುಸು ನಡಿಗೆಯಂಥ ವ್ಯಾಯಾಮ, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ. ಬಿರುಸು ಅಂದರೆ ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ಮಟ್ಟ. ಆಫೀಸಿನ ಓಡಾಟದಲ್ಲಿ ವಾರದ ದಿನ ಸಮಯವೇ ಸಿಗದವರಿಗೆ ಇಲ್ಲೊಂದು ಒಳ್ಳೆ ಸುದ್ದಿ ಇದೆ. ಬ್ರಿಟನ್ನಿನ ಸುಮಾರು 90 ಸಾವಿರ ಜನರ ಮಣಿಕಟ್ಟಿಗೆ ಓಡಾಟ ಅಳೆಯುವ ಪಟ್ಟಿ ಕಟ್ಟಿ ಮಾಡಿದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರದ ವ್ಯಾಯಾಮದ ಹೆಚ್ಚು ಪಾಲನ್ನು ಒಂದೆರಡು ದಿನದಲ್ಲೇ ಮುಗಿಸಿದವರಿಗೂ ಹೃದಯದ ಕಾಯಿಲೆ, ಪಾರ್ಶ್ವವಾಯುವಿನ ಅಪಾಯ ಕಡಿಮೆ ಇತ್ತು. ಅದು ವಾರವಿಡೀ ಹಂಚಿಕೊಂಡು ಮಾಡಿದವರಷ್ಟೇ ಹೆಚ್ಚುಕಮ್ಮಿ. ಅಂದರೆ ನಿಮ್ಮ ಶನಿವಾರ, ಭಾನುವಾರದ ಒಂದೊಂದು ಗಂಟೆಗೆ ನಿಜವಾದ ಬೆಲೆ ಇದೆ. ಆದರೆ ವಾರವಿಡೀ ಕುರ್ಚಿ ಬಿಟ್ಟು ಏಳದವರು ಭಾನುವಾರ ಏಕಾಏಕಿ ಹತ್ತು ಕಿಲೋಮೀಟರ್ ಓಡಲು ಹೋಗಬೇಡಿ. ಮೊಣಕಾಲು, ಹಿಮ್ಮಡಿ ಹಿಡಿದುಕೊಂಡರೆ ಮುಂದಿನ ತಿಂಗಳೆಲ್ಲ ಮನೆಯಲ್ಲೇ.

ರಜೆ ದಿನದ ವ್ಯಾಯಾಮ ವಾರದ ದಿನದ ಹಾಗೆ ಇರಬೇಕಾಗಿಲ್ಲ. ಅದೇ ರಸ್ತೆ, ಅದೇ ನಾಲ್ಕು ಸುತ್ತು ಬೇಜಾರು ಅಲ್ವಾ? ಬೆಂಗಳೂರಿನಲ್ಲಿದ್ದರೆ ಭಾನುವಾರ ಕಬ್ಬನ್ ಪಾರ್ಕಿಗೆ ಹೋಗಿ. ಅವತ್ತು ಒಳಗಿನ ರಸ್ತೆಗಳಲ್ಲಿ ಗಾಡಿ ಬಿಡುವುದಿಲ್ಲ, ಮಕ್ಕಳನ್ನು ಸೈಕಲ್ ಮೇಲೆ ಧೈರ್ಯವಾಗಿ ಬಿಡಬಹುದು. ಲಾಲ್‌ಬಾಗ್ 240 ಎಕರೆ ಇದೆ. ಕೆರೆ ಸುತ್ತ ಬಂದು ಬಂಡೆ ಹತ್ತಿ ಇಳಿದರೆ ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿ ಇದ್ದೇ ಇದೆ. ಸ್ವಲ್ಪ ರೂಢಿ ಇದ್ದವರು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಮಾಡಿಸಿದ ಸಾವಿರಕ್ಕೂ ಹೆಚ್ಚು ಮೆಟ್ಟಿಲು ಅವು. ಹೊಸಬರು ಮೊದಲ ಸಲ ದೊಡ್ಡ ನಂದಿಯವರೆಗೆ ಹತ್ತಿ ಅಲ್ಲಿಂದಲೇ ವಾಪಸ್ ಬಂದರೂ ಚೆನ್ನಾಗಿಯೇ ಬೆವರುತ್ತೀರಿ. ಇಳಿಯುವಾಗ ನಿಧಾನ, ಮೊಣಕಾಲಿಗೆ ಪೆಟ್ಟು ಬೀಳುವುದು ಇಳಿಯುವಾಗಲೇ. ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ, ಮಂಗಳೂರಿನವರಿಗೆ ಕಡಲತೀರ. ಮರಳಿನ ಮೇಲೆ ನಡೆಯುವುದು ರಸ್ತೆಗಿಂತ ಜಾಸ್ತಿ ಶ್ರಮ.

ಒಬ್ಬರೇ ಹೋಗುವುದಕ್ಕಿಂತ ಯಾರನ್ನಾದರೂ ಜೊತೆ ಮಾಡಿಕೊಳ್ಳಿ. ಆರೂವರೆಗೆ ಗೇಟ್ ಹತ್ತಿರ ಗೆಳೆಯ ಕಾಯ್ತಿರ್ತಾನೆ ಅಂದರೆ ಹಾಸಿಗೆ ಬಿಟ್ಟು ಏಳಲೇಬೇಕು. ಹೊರಗೆ ಹೋಗಲು ಆಗದ ದಿನ ಮನೆಯಲ್ಲೇ ಹತ್ತು ಹದಿನೈದು ನಿಮಿಷ ಕುರ್ಚಿ ಮೇಲಿಂದ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು, ಸೂರ್ಯ ನಮಸ್ಕಾರ, ಇದರಲ್ಲಿ ಏನಾದರೂ ಮಾಡಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸರಿಗೆ ಭಾನುವಾರ ರಜೆಯೇ ಅಲ್ಲ. ಎಲ್ಲರೂ ಮನೆಯಲ್ಲಿರುವುದರಿಂದ ಅಡುಗೆ ಜಾಸ್ತಿ, ಪಾತ್ರೆ ಜಾಸ್ತಿ, ವಾರದ ಬಟ್ಟೆ ಬೇರೆ. ಗಂಡ ಲಾಲ್‌ಬಾಗ್ ಸುತ್ತಿ, ಹೋಟೆಲಿನಲ್ಲಿ ತಿಂಡಿ ತಿಂದು ಖುಷಿಯಾಗಿ ಬರುವ ಹೊತ್ತಿಗೆ ಇವರು ಎರಡು ಸಲ ಒಲೆ ಹಚ್ಚಿ ಮುಗಿಸಿರುತ್ತಾರೆ. ಅವರ ಆರೋಗ್ಯವೂ ಲೆಕ್ಕಕ್ಕೆ ಬರಬೇಕು. ಭಾನುವಾರ ಬೆಳಗ್ಗೆ ಒಂದು ಗಂಟೆ ಅವರದ್ದು ಅಂತ ಮನೆಯಲ್ಲಿ ಎಲ್ಲರೂ ಕೂತು ಗೊತ್ತು ಮಾಡಿ. ಆ ಹೊತ್ತಲ್ಲಿ ಗಂಡಸರು ನೆಲ ಒರೆಸಲಿ, ಗಾಡಿ ತೊಳೆಯಲಿ, ಸೊಪ್ಪು ಬಿಡಿಸಲಿ. ನೆಲ ಒರೆಸುವುದೂ ಒಳ್ಳೆ ವ್ಯಾಯಾಮವೇ.

ಒಂದು ಇಡೀ ದಿನ ಬೇಡ, ಒಂದು ಊಟ ಸಾಕು

ಚೀಟ್ ಡೇ ಅಂತ ಒಂದು ಪದ್ಧತಿ ಈಗ ಬಂದಿದೆಯಲ್ಲ, ಅದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಒಂದು ದಿನ ಪೂರ್ತಿ ಬಿಟ್ಟರೆ ಅದಕ್ಕೆ ಅಂಕೆಯೇ ಇರುವುದಿಲ್ಲ, ಮೇಲಾಗಿ ನಾವು ಮಾಡುವ ಊಟಕ್ಕೆ ಮೋಸ ಅಂತ ಹೆಸರಿಡುವುದು ಏಕೆ? ಅದರ ಬದಲು ಎರಡು ದಿನದಲ್ಲಿ ಒಂದು ಊಟವನ್ನು ಆರಿಸಿಕೊಳ್ಳಿ. ಆ ಊಟವನ್ನು ಮನಸ್ಸು ತುಂಬ ಮಾಡಿ, ಪಕ್ಕದಲ್ಲಿ ಕ್ಯಾಲೊರಿ ಲೆಕ್ಕ ಬೇಡ. ಉಳಿದ ಊಟ-ತಿಂಡಿಯೆಲ್ಲ ವಾರದ ದಿನದ ಹಾಗೆಯೇ ಇರಲಿ.

ಭಾನುವಾರ ಬಾಡೂಟ ನಿಮ್ಮ ಆಯ್ಕೆ ಅಂತಿಟ್ಟುಕೊಳ್ಳಿ. ಬೆಳಗ್ಗೆ ಎರಡು ಇಡ್ಲಿ ಅಥವಾ ಕಾಳಿನ ಉಸಲಿ ತಿನ್ನಿ, ಹೊಟ್ಟೆ ಖಾಲಿ ಇಟ್ಟುಕೊಂಡು ಕಾಯಬೇಡಿ. ಊಟಕ್ಕೆ ಕೂತಾಗ ಮೊದಲು ಈರುಳ್ಳಿ, ಸೌತೆಕಾಯಿ, ನಿಂಬೆಹಣ್ಣು ತಟ್ಟೆಗೆ ಬರಲಿ. ಮುದ್ದೆ ಇದ್ದರೆ ಬಿರಿಯಾನಿ ಬೇಡ, ಬಿರಿಯಾನಿ ಇದ್ದರೆ ಮುದ್ದೆ ಬೇಡ. ಎರಡೂ ಒಟ್ಟಿಗೆ ಬಂದಾಗಲೇ ಅಳತೆ ತಪ್ಪುವುದು. ಸಾರಿನ ಮೇಲೆ ತೇಲುವ ಎಣ್ಣೆಯನ್ನು ಸೌಟಿನಲ್ಲಿ ಪಕ್ಕಕ್ಕೆ ಸರಿಸಿ ಬಡಿಸಿಕೊಳ್ಳಬಹುದು, ರುಚಿ ಏನೂ ಹೋಗುವುದಿಲ್ಲ. ರಾತ್ರಿ ಹಸಿವಾದರೆ ಮಾತ್ರ ಸ್ವಲ್ಪ ಅನ್ನ ಮಜ್ಜಿಗೆ, ಇಲ್ಲ ರಾಗಿ ಅಂಬಲಿ.

ಶನಿವಾರ ಒಪ್ಪೊತ್ತು ಮಾಡುವ ಮನೆಗಳಲ್ಲಿ ಬೇರೆಯದೇ ಸಮಸ್ಯೆ. ರಾತ್ರಿ ಅನ್ನ ಇಲ್ಲ ಅನ್ನುವುದೇನೋ ಸರಿ, ಆದರೆ ಫಲಾಹಾರ ಅಂತ ಉಪ್ಪಿಟ್ಟು, ದೋಸೆ, ಸಬ್ಬಕ್ಕಿ ವಡೆ ಎಲ್ಲ ಸೇರಿ ಅನ್ನದೂಟಕ್ಕಿಂತ ಜಾಸ್ತಿಯೇ ಆಗುತ್ತದೆ. ಒಪ್ಪೊತ್ತು ಒಳ್ಳೆಯ ಅಭ್ಯಾಸ. ರಾತ್ರಿಗೆ ಮೊಸರವಲಕ್ಕಿ ಅಥವಾ ಹಣ್ಣು ಹಾಲು ಅಂತ ಇಟ್ಟುಕೊಂಡರೆ ದೇವರಿಗೂ ಆಯಿತು, ಮೈಗೂ ಆಯಿತು.

ದರ್ಶಿನಿ ತಿಂಡಿ ಬಿಡಿ ಅಂತ ನಾನು ಹೇಳುವುದಿಲ್ಲ. ವಾಕಿಂಗ್ ಮುಗಿಸಿ ನಾಲ್ಕು ಜನ ನಿಂತುಕೊಂಡು ಇಡ್ಲಿ ತಿನ್ನುವ ಸುಖ ಬೇಕು. ಇಡ್ಲಿ ಜೊತೆ ಒಂದು ವಡೆಯನ್ನು ಇಬ್ಬರು ಹಂಚಿಕೊಳ್ಳಿ. ಮಸಾಲೆ ದೋಸೆಯೇ ಬೇಕಾದರೆ ಅದೊಂದೇ ತಿನ್ನಿ, ಎಣ್ಣೆ ಕಮ್ಮಿ ಹಾಕಿ ಅಂತ ಹೇಳಿ, ಎಷ್ಟೋ ಕಡೆ ಕೇಳಿದರೆ ಮಾಡಿಕೊಡುತ್ತಾರೆ.

ಶನಿವಾರ ರಾತ್ರಿ ಕುಡಿಯುವವರಿಗೆ: ಬಿಟ್ಟರೆ ಬಹಳ ಒಳ್ಳೆಯದು. ಮದ್ಯದಲ್ಲೇ ಗ್ರಾಂಗೆ 7 ಕ್ಯಾಲೊರಿ ಇದೆ, ಸಕ್ಕರೆಯಲ್ಲಿರುವುದು 4. ಅದಕ್ಕಿಂತ ಜಾಸ್ತಿ ಕೆಡಿಸುವುದು ನೆಂಚಿಕೊಳ್ಳಲು ಇಡುವ ಚಿಪ್ಸ್, ಕಬಾಬ್, ಗೋಬಿ ಮಂಚೂರಿ. ಬೇಯಿಸಿದ ಕಡಲೆಕಾಯಿ, ಸೌತೆಕಾಯಿ, ಮೊಟ್ಟೆ ಇಟ್ಟುಕೊಳ್ಳಿ, ನಡುನಡುವೆ ನೀರು ಕುಡಿಯಿರಿ, ಊಟ ಮಾಡಿಯೇ ಕೂರಿ.

ಮದುವೆ, ಗೃಹಪ್ರವೇಶ, ನಾಮಕರಣ

ಛತ್ರದ ಊಟ ತಪ್ಪಿಸಲು ಆಗುವುದಿಲ್ಲ, ತಪ್ಪಿಸಲೂ ಬೇಡಿ. ಬಾಳೆಎಲೆ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲೇ ಬಡಿಸುತ್ತಾರೆ. ಅನ್ನ ಬರುವ ಮುಂಚೆ ಅದನ್ನು ತಿಂದು ಮುಗಿಸಿ, ಇನ್ನೊಂದು ಸಲ ಕೇಳಿ ಹಾಕಿಸಿಕೊಳ್ಳಿ. ಹೋಳಿಗೆ ಒಂದು, ಅದರ ಮೇಲೆ ತುಪ್ಪ ಹಾಕಿಸಿಕೊಂಡೇ ತಿನ್ನಿ. ಪುಳಿಯೋಗರೆಯೋ ಬಾತೋ ಬಂದಾಗ ಒಂದೇ ಸೌಟು ಸಾಕು ಅಂತ ಎಲೆ ಮೇಲೆ ಕೈ ಅಡ್ಡ ಹಿಡಿಯಿರಿ, ಇನ್ನೂ ಸಾರು, ಮಜ್ಜಿಗೆಗೆ ಅನ್ನ ಬರುವುದಿದೆ.

ಬಲವಂತ ಮಾಡುವ ಅತ್ತೆ, ದೊಡ್ಡಮ್ಮಂದಿರ ಮುಂದೆ ಡಯಟ್ ಅನ್ನುವ ಮಾತು ಎತ್ತಲೇಬೇಡಿ, ಅಲ್ಲಿಂದ ಚರ್ಚೆ ಶುರುವಾಗುತ್ತದೆ. "ತುಂಬಾ ಚೆನ್ನಾಗಿದೆ ದೊಡ್ಡಮ್ಮ, ಇದನ್ನ ಮುಗಿಸಿ ಆಮೇಲೆ ಹಾಕಿಸ್ಕೋತೀನಿ" ಅನ್ನಿ. ಅವರಿಗೆ ಬೇಕಾದದ್ದು ನೀವು ಪ್ರೀತಿಯಿಂದ ತಿಂದಿರಿ ಅನ್ನುವ ಸಮಾಧಾನ, ಅದು ಒಂದು ಹೋಳಿಗೆಯಲ್ಲೂ ಸಿಗುತ್ತದೆ. ಛತ್ರದಲ್ಲಿ ಮಧ್ಯಾಹ್ನ ಉಂಡ ದಿನ ರಾತ್ರಿ ಮನೆಯಲ್ಲಿ ಹಣ್ಣು ಅಥವಾ ಮಜ್ಜಿಗೆ.

ಇಷ್ಟೆಲ್ಲ ಮಾಡಿಯೂ ಒಂದು ಶನಿವಾರ ಕೈ ಮೀರಿ ಹೋಗಬಹುದು. ಆಗ ಭಾನುವಾರ ಉಪವಾಸ ಕೂರಬೇಡಿ. ಬೆಳಗ್ಗೆ ಉಪವಾಸ ಇದ್ದವರು ಸಂಜೆ ಸೇರಿಸಿ ತಿನ್ನುತ್ತಾರೆ, ಶುಗರ್ ಇದ್ದವರಿಗಂತೂ ಊಟ ಬಿಡುವುದೇ ಅಪಾಯ. ಮುಂದಿನ ತಿಂಡಿ ಮಾಮೂಲಿನಂತೆ, ಮಾಮೂಲಿ ಹೊತ್ತಿಗೆ, ಅಷ್ಟೇ. ತೂಕ ಸೋಮವಾರ ಬೆಳಗ್ಗೆ ನೋಡಬೇಡಿ. ಉಪ್ಪು ಜಾಸ್ತಿ ತಿಂದಿದ್ದರಿಂದ ಮೈಯಲ್ಲಿ ನೀರು ನಿಂತು ಮುಳ್ಳು ಮೇಲೆ ತೋರಿಸುತ್ತದೆ, ಸುಮ್ನೆ ಮನಸ್ಸು ಕುಗ್ಗುತ್ತದೆ. ಬುಧವಾರವೋ ಗುರುವಾರವೋ ನೋಡಿ, ಪ್ರತಿ ವಾರ ಅದೇ ದಿನ.

ಊರಿಗೆ ಹೋದಾಗ

ವೀಕೆಂಡ್‌ಗೆ ಊರಿಗೆ ಹೋಗುವವರ ಕಥೆ ಬೇರೆ. ರಾತ್ರಿ ಬಸ್ಸು, ಅರ್ಧಂಬರ್ಧ ನಿದ್ದೆ, ಹೋದ ಕೂಡಲೇ ಅಮ್ಮನ ಕೈ ತಿಂಡಿ. ಅಲ್ಲಿ ಹೊಸ ನಿಯಮ ಹೇರಲು ಹೋಗಬೇಡಿ, ಅಮ್ಮನಿಗೆ ಮೊದಲೇ ಫೋನ್ ಮಾಡಿ ನಿಮಗೆ ಆಸೆಯಾಗಿರುವುದನ್ನು ಹೇಳಿ. ಉಪ್ಸಾರು, ಬಸ್ಸಾರು, ತಂಬುಳಿ, ಜೋಳದ ರೊಟ್ಟಿ ಜೊತೆ ಪುಂಡಿ ಪಲ್ಯ, ನಿಮ್ಮ ಕಡೆ ಯಾವುದಿದೆಯೋ ಅದು. ಏನು ಮಾಡಲಿ ಅಂತ ಗೊತ್ತಿಲ್ಲದಾಗಲೇ ಅವರು ಪೂರಿ, ಕೇಸರಿಬಾತಿಗೆ ಹೋಗುವುದು. ಸಂಜೆ ಅಪ್ಪನ ಜೊತೆ ತೋಟದ ಕಡೆಗೋ ಕೆರೆ ಕಡೆಗೋ ನಡೆದುಕೊಂಡು ಹೋಗಿ. ವಾರದ ಮಾತೆಲ್ಲ ಅಲ್ಲೇ ಮುಗಿಯುತ್ತದೆ, ಅವರಿಗೂ ವಾಕಿಂಗ್ ಆಗುತ್ತದೆ. ವಾಪಸ್ ಹೊರಡುವಾಗ ಅಮ್ಮ ಚಕ್ಕುಲಿ, ಕೋಡುಬಳೆ ಡಬ್ಬ ಕಟ್ಟಿಕೊಡುತ್ತಾರೆ, ಬೇಡ ಅನ್ನಬೇಡಿ. ಎರಡು ತೆಗೆದಿಟ್ಟುಕೊಂಡು ಉಳಿದದ್ದನ್ನು ಸೋಮವಾರ ಆಫೀಸಿಗೆ ಒಯ್ದು ಎಲ್ಲರಿಗೂ ಹಂಚಿಬಿಡಿ.