ಓಡುವ ಹುಡುಗನನ್ನು ನಡೆಸಿದ್ದು

ಸಿಂಧನೂರು ತಾಲ್ಲೂಕಿನ ನಮ್ಮ ಪ್ರೌಢಶಾಲೆಗೆ ಆ ಹುಡುಗ ಎಂಟನೇ ತರಗತಿಗೆ ಬರುವ ಮೊದಲೇ ಅವನ ಕೀರ್ತಿ ಬಂದು ತಲುಪಿತ್ತು. ತಂದೆ ಅಕ್ಕಿ ಗಿರಣಿಯಲ್ಲಿ ಹಮಾಲಿ. ಮಗನಿಗೆ ಮೈತುಂಬ ಬಲ, ಮೂಗಿನ ತುದಿಯಲ್ಲಿ ಸಿಟ್ಟು.

ದೈಹಿಕ ಶಿಕ್ಷಕನಾದ ನಾನು ಅವನನ್ನು ಕಬಡ್ಡಿಗೆ ಹಾಕಿದೆ. ಬೋನಸ್ ಅಂಕ ಕೊಡಲಿಲ್ಲವೆಂದು ಅಂಪೈರ್ ಮೇಲೆ ಏರಿಹೋದ. ಖೊಖೊದಲ್ಲಿ ಬೆನ್ನ ಹಿಂದೆ 'ಖೋ' ಬೀಳುವ ಮೊದಲೇ ಎದ್ದು ಫೌಲ್ ಆಗುತ್ತಿದ್ದ. 400 ಮೀಟರ್ ಓಟದಲ್ಲಿ ಮೊದಲರ್ಧ ಗಾಳಿ, ಕೊನೆಯ ನೂರು ಮೀಟರ್ ಎತ್ತಿನ ಗಾಡಿ. ಮೂರರಲ್ಲೂ ಕಾಯಿಲೆ ಒಂದೇ, ತಾಳ್ಮೆಯಿಲ್ಲ ಎಂದು ನನಗೆ ಹೊಳೆಯಲು ಒಂದು ವರ್ಷ ಹಿಡಿಯಿತು.

ಆಗ 5 ಕಿಲೋಮೀಟರ್ ನಡಿಗೆ ಸ್ಪರ್ಧೆಗೆ (ರೇಸ್ ವಾಕಿಂಗ್) ಹಾಕಿದೆ. ಸ್ಪರ್ಧಿಗಳು ಕಡಿಮೆ ಎಂಬ ಲೆಕ್ಕವೂ ಇತ್ತು, ಸುಳ್ಳೇಕೆ ಹೇಳಲಿ. ನಿಯಮ ಇಷ್ಟು: ಊರಿದ ಕಾಲಿನ ಮಂಡಿ ಬಗ್ಗಬಾರದು, ಎರಡೂ ಪಾದ ನೆಲ ಬಿಟ್ಟದ್ದು ಕಾಣಬಾರದು, ಮೂವರು ತೀರ್ಪುಗಾರರ ಕೆಂಪು ಕಾರ್ಡ್ ಬಿದ್ದರೆ ಹೊರಗೆ. ಜಗಳಕ್ಕೆ ಎದುರಾಳಿಯೇ ಸಿಗದ ಆಟ. ತಪ್ಪು ಮಾಡುವುದು ತನ್ನದೇ ಮಂಡಿ.

ಸಹೋದ್ಯೋಗಿಗಳು ಆ ನಡಿಗೆಯಂತೆ ಸೊಂಟ ಕುಣಿಸಿ ತೋರಿಸಿ ನಕ್ಕರು. ಅವನ ತಂದೆಯಂತೂ, "ಸರ್, ಒಂದು ವರ್ಷದವನಿದ್ದಾಗಲೇ ನಡೆದಿದ್ದಾನಲ್ಲ!" ಎಂದರು.

ಮೊದಲ ಮೂರು ತಿಂಗಳು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಸಮಯ 36 ನಿಮಿಷದ ಆಸುಪಾಸು, ಅದೂ ಮಂಡಿ ಬಗ್ಗಿಸಿಕೊಂಡೇ. ಅವಸರ ಮಾಡಿ ದೂರ ಹೆಚ್ಚಿಸಿದ್ದು ನಾನೇ. ಕಣಕಾಲು ನೋವೆಂದು ಮೂರು ವಾರ ಕೂತ. ಕಾಲಿಗೆ ಬಲ ಬರಲೆಂದು ಗದ್ದೆಯ ಕೆಸರಿನಲ್ಲಿ ನಡೆಸಿ ನೋಡಿದೆ. ಮಂಡಿ ಎತ್ತುವ ಚಟ ಹತ್ತಿ, ಇದ್ದದ್ದೂ ಕೆಟ್ಟಿತು. ಸಂತೆಯಲ್ಲಿ 450 ರೂಪಾಯಿಗೆ ಕೊಂಡ ಬೂಟಿನ ಹಿಮ್ಮಡಿ 40 ದಿನಕ್ಕೆ ಸವೆಯಿತು. ಆಮೇಲೆ 1,800 ರೂಪಾಯಿಯದು. ಒಟ್ಟು ನನ್ನ ಕೈಯಿಂದ 7,000 ಹೋಗಿರಬಹುದು. ಹೆಂಡತಿಯ ಲೆಕ್ಕದಲ್ಲಿ 9,000.

ದಾರಿಗೆ ಬಂದದ್ದು ಕಾಲುವೆ ದಂಡೆಯ ಮೇಲೆ. ಬೆಳಿಗ್ಗೆ ಐದೂವರೆಗೆ, ರಾಯಚೂರಿನ ಬಿಸಿಲು ಏಳುವ ಮೊದಲು, 50 ಮೀಟರ್ ಉದ್ದ ಸುಣ್ಣದ ಗೆರೆ ಎಳೆದೆ. ಪಾದ ಗೆರೆಯ ಮೇಲೆಯೇ ಬೀಳಬೇಕು, ಹಿಮ್ಮಡಿ ಬೆಳ್ಳಗಾಗಬೇಕು. ಇಟ್ಟಿಗೆಗೆ ಮೊಬೈಲ್ ಒರಗಿಸಿ ನಿಧಾನಗತಿಯ ವಿಡಿಯೊ ತೆಗೆದೆ. ಒಂದು ದಿನ ಅದನ್ನು ನೋಡುತ್ತ ಅವನೇ, "ಇಲ್ಲಿ ಹಾರುತ್ತಿದ್ದೇನೆ ಸರ್" ಎಂದ. ಅವನು ಬಾಯಿಬಿಟ್ಟು ಒಪ್ಪಿಕೊಂಡ ಮೊದಲ ತಪ್ಪು ಅದು. ಕೊನೆಯ ಕಿಲೋಮೀಟರಿಗೆ ಹೇಳಿಕೊಟ್ಟ ಎಣಿಕೆಯೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಪಕ್ಕದ ತಾಲ್ಲೂಕಿನವರೂ ಓದುತ್ತಾರೆ.

ಇದೇ ಮದ್ದನ್ನು ಇನ್ನೊಬ್ಬ ತುಂಟನಿಗೂ ಕೊಟ್ಟೆ. ಆರೇ ದಿನಕ್ಕೆ ಬೇಸತ್ತು ಬಿಟ್ಟ. ಚಕ್ರ ಎಸೆತಕ್ಕೆ ಹಾಕಿದ ಮೇಲೆ ಅವನು ಅದರಲ್ಲಿ ನೆಲೆನಿಂತ.

ತಾಲ್ಲೂಕು ಕೂಟದಲ್ಲಿ ಕರಿಹಲಗೆಯ ಮೇಲೆ ನಮ್ಮವನ ಸಂಖ್ಯೆಯ ಮುಂದೆ ಎರಡನೇ ಕೆಂಪು ಗುರುತು ಬಿತ್ತು. ಈಗ ತೀರ್ಪುಗಾರರ ಕೊರಳಪಟ್ಟಿ ಹಿಡಿಯುತ್ತಾನೆಂದು ನಾನು ಓಡಲು ಸಿದ್ಧನಾಗಿ ನಿಂತಿದ್ದೆ. ಅವನು ಹಲಗೆ ನೋಡಿದ, ಭುಜ ಇಳಿಸಿದ, ವೇಗ ತಗ್ಗಿಸಿದ. ಇಬ್ಬರು ದಾಟಿಹೋದರೂ ಬಿಟ್ಟುಕೊಟ್ಟು ಮೂರನೆಯವನಾಗಿ ಬಂದ. ಮರುವರ್ಷ ಜಿಲ್ಲೆಗೆ ಎರಡನೆಯವನು, 27 ನಿಮಿಷ ಚಿಲ್ಲರೆ. ನಕ್ಕವರೇ ಹಾರ ತಂದರು. ಗಣಿತದ ಮೇಡಂ ಹೇಳುವಂತೆ, ಈಗ ಪ್ರಶ್ನೆ ಮುಗಿಯುವವರೆಗೂ ಕಾಯುತ್ತಾನಂತೆ.

ಮೂರನೇ ಜೊತೆ ಬೂಟನ್ನು ತಂದೆಯೇ ತಂದರು, ಎರಡು ಅಳತೆ ದೊಡ್ಡದು. "ಬೆಳೆಯುವ ಕಾಲು ಸರ್" ಎಂದರು. ಬದಲಾಯಿಸಿ ತರಲು ಸಿಂಧನೂರಿಗೆ ನಾನೇ ಹೋದೆ, ಬಸ್ ಖರ್ಚು ಬೇರೆ.