ಹೆಸರು ಬದಲಾದ ಜಾರ್ ಕಡತಗಳನ್ನು ಹ್ಯಾಶ್ ಹಿಡಿದು ಗುರುತಿಸಿದ ಬಗೆ

2021ರ ಡಿಸೆಂಬರಿನಲ್ಲಿ, ಜಾವಾ ತಂತ್ರಾಂಶಗಳು ತಮ್ಮ ಚಟುವಟಿಕೆಯನ್ನು ದಾಖಲಿಸಲು ಬಳಸುವ ಲಾಗ್4ಜೆ ಲೈಬ್ರರಿಯ ಭದ್ರತಾ ದೋಷ ಬಯಲಾದಾಗ, ನಾನು ನೋಡಿಕೊಳ್ಳುತ್ತಿದ್ದ ಹಳೆಯ ಸರ್ವರ್‌ಗಳಲ್ಲಿ ಅದರ ಯಾವ ಆವೃತ್ತಿ ಎಲ್ಲೆಲ್ಲಿ ಕುಳಿತಿದೆ ಎಂಬ ಪಟ್ಟಿಯನ್ನು ಕೊಡಬೇಕಾಯಿತು. ಆವೃತ್ತಿಯ ಸಂಖ್ಯೆ ಕಡತದ ಹೆಸರಿನಲ್ಲೇ ಇರುತ್ತದಲ್ಲ ಎಂದುಕೊಂಡು ಹುಡುಕತೊಡಗಿದ ನನಗೆ ಮೊದಲು ಸಿಕ್ಕಿದ್ದು ‘ಲಾಗ್-ನ್ಯೂ-ಫೈನಲ್.ಜಾರ್’. ಜಾವಾ ಕೋಡನ್ನು ಕಟ್ಟಿಡುವ ಕಡತಕ್ಕೆ ಜಾರ್ ಎನ್ನುತ್ತಾರೆ; ಉಳಿದದ್ದು ಹಿಂದೆ ಯಾರೋ ತಮ್ಮ ಅನುಕೂಲಕ್ಕೆ ಇಟ್ಟ ಹೆಸರು.

ಹೆಸರನ್ನು ನಂಬುವಂತಿಲ್ಲದ ಮೇಲೆ ಒಳಗಿನ ಬೈಟುಗಳನ್ನೇ ನೆಚ್ಚಬೇಕು. ಎಲ್ಲ ಸರ್ವರ್‌ಗಳಲ್ಲಿರುವ ಜಾರ್ ಕಡತಗಳನ್ನು ಹುಡುಕಿ, ಪ್ರತಿಯೊಂದರ ಶಾ-1 ಹ್ಯಾಶ್ (ಕಡತದ ಬೈಟುಗಳಿಂದ ಲೆಕ್ಕ ಹಾಕುವ, ಬೆರಳಚ್ಚಿನಂಥ ಗುರುತು) ತೆಗೆದು, ಹ್ಯಾಶ್ ಮತ್ತು ಕಡತದ ದಾರಿ ಎರಡನ್ನೂ ಒಂದೇ ಸಾಲಿನಲ್ಲಿ ಬರೆದಿಡುವ ಸಣ್ಣ ಸ್ಕ್ರಿಪ್ಟ್ ಮಾಡಿಕೊಂಡೆ. ಹ್ಯಾಶ್‌ನ ಮೇಲೆ ವಿಂಗಡಿಸಿದೊಡನೆ ಬೇರೆ ಬೇರೆ ಹೆಸರಿನ ಹಲವು ಕಡತಗಳು ಒಂದೇ ಎಂದು ತಿಳಿದು ಪಟ್ಟಿ ಬಹಳ ಕುಗ್ಗಿತು. ಡಿಎ39ಎ3 ಎಂದು ಆರಂಭವಾಗುವ ಹ್ಯಾಶ್ ಮೂರು ಕಡೆ ಕಂಡಿತು. ಅದು ಖಾಲಿ ಕಡತದ ಹ್ಯಾಶ್, ಅಂದರೆ ನಕಲು ಮಾಡುವಾಗ ಏನೂ ಬಂದಿರಲಿಲ್ಲ.

ಅದಕ್ಕಿಂತ ಬಲವಾದ ಶಾ-256 ಇರುವಾಗ ಶಾ-1 ಏಕೆ ಎಂದು ಕೇಳಬಹುದು. ಜಾವಾ ಲೈಬ್ರರಿಗಳ ಸಾರ್ವಜನಿಕ ಭಂಡಾರವಾದ ಮೇವನ್ ಸೆಂಟ್ರಲ್ ಪ್ರತಿ ಜಾರ್‌ನ ಪಕ್ಕದಲ್ಲಿ 40 ಅಂಕೆ-ಅಕ್ಷರಗಳ ಶಾ-1 ಹ್ಯಾಶನ್ನು ಇಡುತ್ತದೆ, ಅದರಿಂದಲೇ ಹುಡುಕಲೂ ಬಿಡುತ್ತದೆ. ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆಯವರು 2017ರಲ್ಲಿ ಒಂದೇ ಶಾ-1 ಇರುವ ಎರಡು ಪಿಡಿಎಫ್‌ಗಳನ್ನು ಸೃಷ್ಟಿಸಿ ತೋರಿಸಿದ್ದು ನಿಜ. ಆದರೆ ಆ ಎರಡನ್ನೂ ಅವರೇ ಹೆಣೆದಿದ್ದರು; ಈಗಾಗಲೇ ಪ್ರಕಟವಾಗಿರುವ ಕಡತಕ್ಕೆ ಹೊಂದುವ ಮತ್ತೊಂದನ್ನು ಹೆಣೆಯುವುದು ಇನ್ನೂ ಬಲು ಕಷ್ಟದ ಬೇರೆಯೇ ಮಾತು. ಗುರುತು ಹಿಡಿಯುವ ಈ ಕೆಲಸಕ್ಕೆ ಶಾ-1 ಸಾಕೆಂದು ನಿರ್ಧರಿಸಿದೆ.

‘ಲಾಗ್-ನ್ಯೂ-ಫೈನಲ್’ ಲಾಗ್4ಜೆ-ಕೋರ್ 2.14.1 ಎಂದು ಒಂದೇ ಹುಡುಕಾಟಕ್ಕೆ ಗೊತ್ತಾಯಿತು. ಹೊಂದಿದರೆ ಉತ್ತರ ಖಚಿತ. ಹೊಂದದಿದ್ದರೆ ಹ್ಯಾಶ್ ಏನನ್ನೂ ಹೇಳುವುದಿಲ್ಲ, ಒಂದು ಬೈಟ್ ಬದಲಾಗಿದೆಯೋ ಇಡೀ ಕಡತವೇ ಬೇರೆಯೋ ಎಂಬುದನ್ನೂ ಸಹ. ಉಳಿದ ದಿನವೆಲ್ಲ ಹೋದದ್ದು ಹೊಂದದವುಗಳ ಹಿಂದೆ. ಹೊಟ್ಟೆಯೊಳಗೆ ಬೇರೆ ಜಾರ್‌ಗಳನ್ನು ಇಟ್ಟುಕೊಂಡಿದ್ದವನ್ನು ಬಿಚ್ಚಿ ಒಳಗಿನವುಗಳ ಹ್ಯಾಶ್ ತೆಗೆದೆ. ಜಾರ್ ಎಂದರೆ ಜಿಪ್ ಕಡತವೇ ಆದ್ದರಿಂದ, ಒಳಗಿನ ಸರಕು ಅದೇ ಇದ್ದರೂ ಮತ್ತೆ ಕಟ್ಟಿದಾಗ ಸಮಯದ ಗುರುತು ಬದಲಾದರೆ ಸಾಕು, ಹೊರಗಿನ ಹ್ಯಾಶ್ ಬೇರೆಯಾಗುತ್ತದೆ. ಹಾಗಾಗಿ ಕೆಲವಕ್ಕೆ ಒಳಗಿನ ಒಂದೊಂದು ಕ್ಲಾಸ್ ಕಡತದ (ಕೋಡಿನ ಬಿಡಿ ತುಣುಕಿನ) ಹ್ಯಾಶನ್ನೇ ಮೂಲದೊಡನೆ ಹೋಲಿಸಬೇಕಾಯಿತು.

ಹೀಗೆ ಹೋಲಿಸುವಾಗ ಒಂದು ಜಾರ್‌ನ ಕ್ಲಾಸ್‌ಗಳೆಲ್ಲವೂ 2.14.1ಕ್ಕೆ ಸರಿಹೊಂದಿದವು, ಆದರೆ ಒಂದು ಕಡಿಮೆ ಇತ್ತು: ಜೆಎನ್‌ಡಿಐಲುಕಪ್. ದೋಷಕ್ಕೆ ಮೂಲವಾದ ಆ ಕ್ಲಾಸನ್ನು ಜಾರ್‌ನಿಂದ ಅಳಿಸಿಹಾಕುವುದು ಆಗ ಸೂಚಿಸಲಾಗಿದ್ದ ತಾತ್ಕಾಲಿಕ ಉಪಾಯವಾಗಿತ್ತು. ನನಗಿಂತ ಮೊದಲೇ ಸಹೋದ್ಯೋಗಿಯೊಬ್ಬರು ಅದನ್ನು ಮಾಡಿದ್ದರು, ಹೇಳಿರಲಿಲ್ಲ ಅಷ್ಟೆ. ಆ ಅಪರಿಚಿತ ಹ್ಯಾಶನ್ನು ‘2.14.1, ಜೆಎನ್‌ಡಿಐಲುಕಪ್ ತೆಗೆದದ್ದು’ ಎಂಬ ಟಿಪ್ಪಣಿಯೊಂದಿಗೆ ನಮ್ಮ ಪಟ್ಟಿಗೆ ಸೇರಿಸಿದೆ; ಮರುದಿನ ಇನ್ನೆರಡು ಸರ್ವರ್‌ಗಳಲ್ಲಿ ಅದೇ ಹ್ಯಾಶ್ ಬಂದಾಗ ಮತ್ತೆ ಬಿಚ್ಚಿ ನೋಡಬೇಕಾಗಲಿಲ್ಲ.